ಅತಿ ದೊಡ್ಡ ಡೈನೋಸಾರ್ ಅಂತ ಹಾಕುವ ಮೊದಲು ಸಿಕ್ಕ ಮೂಳೆ ಎಷ್ಟು ಅಂತ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಮಕ್ಕಳ ಪುಟದಲ್ಲಿ ಉದ್ದ ಕತ್ತಿನ ಡೈನೋಸಾರ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಪಕ್ಕದಲ್ಲಿ ಅಳತೆಗೆ ಅಂತ ಒಬ್ಬ ಮನುಷ್ಯನನ್ನೂ ಇಟ್ಟು, ಒಂದೊಂದರ ಕೆಳಗೂ ಉದ್ದ, ತೂಕ ಬರೆದು ಚಿತ್ರ ಹಾಕಿದ್ದಿರಿ. ಚಿತ್ರ ಚೆನ್ನಾಗಿತ್ತು. ನಮ್ಮ ಶಾಲೆಯ ಮಕ್ಕಳು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಯೂ ಆಗಿದೆ. ಆದರೆ ಆ ಅಂಕಿಗಳ ಬಗ್ಗೆ ನನ್ನದೊಂದು ತಕರಾರಿದೆ. ಸ್ವಲ್ಪ ಉದ್ದದ ತಕರಾರು. ಪ್ರಾಣಿಗಳೇ ಅಷ್ಟು ಉದ್ದ ಇರುವಾಗ ಏನು ಮಾಡೋದು ಹೇಳಿ.

ನಿಮ್ಮ ಚಿತ್ರದಲ್ಲಿ ಅರ್ಜೆಂಟಿನೋಸಾರಸ್ 100 ಟನ್. ಪ್ಯಾಟಗೋಟೈಟನ್ 77 ಟನ್. ಡ್ರೆಡ್‌ನಾಟಸ್ 59 ಟನ್. ಸೈಸ್ಮೋಸಾರಸ್ 52 ಮೀಟರ್ ಉದ್ದ. ಸಾಲಿನ ಕೊನೆಯಲ್ಲಿ ತಮಿಳುನಾಡಿನ ಬೃಹತ್ಕಾಯೋಸಾರಸ್, ಎಲ್ಲರ ಅಪ್ಪ, 170 ಟನ್. ಇವು ಯಾವುವೂ ನೀವು ಹುಟ್ಟಿಸಿದ ಅಂಕಿಗಳಲ್ಲ, ಅದು ನನಗೂ ಗೊತ್ತು. ಒಂದಲ್ಲ ಒಂದು ಕಾಲದಲ್ಲಿ ವಿಜ್ಞಾನಿಗಳೇ ಹೇಳಿದ್ದು. ಆದರೆ ಪ್ರತಿಯೊಂದಕ್ಕೂ ಹುಡುಕಿ ಹುಡುಕಿ ಇದ್ದುದರಲ್ಲೇ ದೊಡ್ಡ ಅಂಕಿ ಆರಿಸಿದ್ದೀರಿ, ಆಮೇಲೆ ಆ ಅಂಕಿಗೆ ಏನಾಯಿತು ಅನ್ನೋದು ಎಲ್ಲೂ ಇಲ್ಲ. ಇನ್ನೊಂದು ವಿಷಯ, ಎಲ್ಲ ಪ್ರಾಣಿಗೂ ಒಂದೇ ಬಣ್ಣ. ಮೂಗಿನಿಂದ ಬಾಲದ ತುದಿವರೆಗೆ ಭರ್ತಿ ಕಪ್ಪು. ಅರ್ಧಕ್ಕರ್ಧ ಅಸ್ಥಿಪಂಜರ ಸಿಕ್ಕ ಪ್ರಾಣಿಯೂ ಅಷ್ಟೇ ಕಪ್ಪು, ನಾಲ್ಕು ಮೂಳೆ ಸಿಕ್ಕಿ ಅವೂ ಪುಡಿಯಾಗಿ ಹೋದ ಪ್ರಾಣಿಯೂ ಅಷ್ಟೇ ಕಪ್ಪು. ನೋಡುವ ಮಗುವಿಗೆ ಎರಡೂ ಒಂದೇ ಥರ ಖಾತ್ರಿ ಅನಿಸುತ್ತೆ. ನನ್ನ ಜಗಳ ಇರೋದು ಅಲ್ಲೇ.

ಮೊದಲು ಅರ್ಜೆಂಟಿನೋಸಾರಸ್ ತಗೊಳ್ಳಿ. 1987ರಲ್ಲಿ ಅರ್ಜೆಂಟೀನಾದ ನ್ಯೂಕೆನ್ ಪ್ರಾಂತ್ಯದಲ್ಲಿ, ಪ್ಲಾಸಾ ಉಯಿಂಕುಲ್ ಅನ್ನೋ ಊರಿನ ಹತ್ತಿರ, ಒಬ್ಬ ರೈತನಿಗೆ ತನ್ನ ಜಮೀನಿನಲ್ಲಿ ಕಲ್ಲಾಗಿ ಹೋದ ಮರದ ದಿಮ್ಮಿಯಂಥದ್ದು ಕಂಡಿತು. ಅದು ಮರ ಅಲ್ಲ, ಕಾಲಿನ ಮೂಳೆ. ಹೋಸೆ ಬೋನಾಪಾರ್ಟೆ ಮತ್ತು ರೊಡೊಲ್ಫೊ ಕೋರಿಯಾ ಅನ್ನೋ ಇಬ್ಬರು ವಿಜ್ಞಾನಿಗಳು 1993ರಲ್ಲಿ ಅದಕ್ಕೆ ಹೆಸರಿಟ್ಟು ವಿವರ ಪ್ರಕಟಿಸಿದರು. ಸಿಕ್ಕಿದ್ದು ಇಷ್ಟು: ಬೆನ್ನಿನ ಆರು ಮೂಳೆ, ಸೊಂಟದ ಕಡೆಯ ಒಂದು ಭಾಗ, ಪಕ್ಕೆಲುಬಿನ ತುಂಡುಗಳು, ಮೊಣಕಾಲಿನ ಕೆಳಗಿನ ಒಂದು ಮೂಳೆ. ಬೇರೆ ಕಡೆ ಸಿಕ್ಕ ಒಂದು ಮುರುಕಲು ತೊಡೆಮೂಳೆಯೂ ಇದೇ ಜಾತಿಯದ್ದಿರಬಹುದು ಅಂತ ಸೇರಿಸಿಕೊಳ್ಳುತ್ತಾರೆ. ಬೆನ್ನಿನ ಒಂದೇ ಒಂದು ಮೂಳೆ 1.59 ಮೀಟರ್ ಎತ್ತರ ಇದೆ, ಹಾಗಾಗಿ ಪ್ರಾಣಿ ಭಾರೀ ದೊಡ್ಡದು ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ. ಆದರೆ ತಲೆ ಸಿಕ್ಕಿಲ್ಲ. ಬಾಲ ಸಿಕ್ಕಿಲ್ಲ. ಕತ್ತಿನ ಒಂದು ಮೂಳೆಯೂ ಸಿಕ್ಕಿಲ್ಲ. ಉದ್ದ ಕತ್ತಿನ ಪ್ರಾಣಿಗಳ ರಾಜ ಅಂತ ನೀವು ಬರೆದಿರಲ್ಲ, ಆ ರಾಜನ ಕತ್ತನ್ನೇ ಇದುವರೆಗೆ ಯಾರೂ ನೋಡಿಲ್ಲ ಸ್ವಾಮಿ!

ಹಾಗಾದರೆ ಉದ್ದ ಹೇಳೋದು ಹೇಗೆ? ಇದರ ಸಂಬಂಧಿಕ ಪ್ರಾಣಿಗಳಲ್ಲಿ ಯಾವುದರ ಮೂಳೆ ಜಾಸ್ತಿ ಸಿಕ್ಕಿದೆಯೋ ಅದರ ಆಕಾರ ತೆಗೆದುಕೊಂಡು, ಇದರ ಬೆನ್ನುಮೂಳೆಗೆ ಸರಿಹೊಂದುವಷ್ಟು ಹಿಗ್ಗಿಸುತ್ತಾರೆ. ಹಾಗೆ ಹಿಗ್ಗಿಸಿದರೆ 30ರಿಂದ 35 ಮೀಟರ್ ಬರುತ್ತದೆ. ತೂಕಕ್ಕೆ 1990ರ ದಶಕದಲ್ಲಿ 80ರಿಂದ 100 ಟನ್ ಅಂತ ಒಂದು ಲೆಕ್ಕ ಬಂತು. ನಿಮ್ಮ 100 ಅಲ್ಲಿಂದ ಬಂದದ್ದು. 2004ರಲ್ಲಿ ಇನ್ನೊಂದು ತಂಡ 73 ಟನ್ ಅಂದಿತು. ಈಗ ಸಾಮಾನ್ಯವಾಗಿ 65ರಿಂದ 80 ಟನ್ ಒಳಗೆ ಹೇಳುತ್ತಾರೆ. ಮೂವತ್ತು ವರ್ಷದಲ್ಲಿ ಹೊಸ ಮೂಳೆ ಸಿಕ್ಕಿ ತೂಕ ಇಳಿದದ್ದಲ್ಲ, ಮೂಳೆ ಅವೇ, ಲೆಕ್ಕ ಹಾಕುವ ಕ್ರಮ ಬದಲಾಯಿತು ಅಷ್ಟೇ.

ಆ ಲೆಕ್ಕದ ಕಥೆಯೇ ನಿಜವಾದ ಮಜಾ. ನೀವು ಪುಟ ತುಂಬ ಬರೆಯಬೇಕಾದ್ದು ಅದನ್ನು.

ಜರ್ಮನಿಯ ಬರ್ಲಿನ್‌ನಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇದೆ. ಅಲ್ಲಿ ಜಿರಾಫಟೈಟನ್ ಅನ್ನೋ ಪ್ರಾಣಿಯ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಮೊದಲು ಇದನ್ನು ಬ್ರಾಕಿಯೋಸಾರಸ್ ಅಂತಲೇ ಕರೆಯುತ್ತಿದ್ದರು. ಈಗಿನ ತಾಂಜಾನಿಯಾದ ತೆಂಡಗುರು ಅನ್ನೋ ಜಾಗದಲ್ಲಿ, ಅದು ಜರ್ಮನ್ನರ ವಸಾಹತಾಗಿದ್ದಾಗ, 1909ರಿಂದ 1913ರವರೆಗೆ ಅಗೆದು ಹಡಗಿನಲ್ಲಿ ಸಾಗಿಸಿದ ಮೂಳೆಗಳು ಇವು. ಒಂದೇ ಪ್ರಾಣಿಯವಲ್ಲ, ಮುಖ್ಯ ಭಾಗ ಒಂದರದ್ದು, ಕಡಿಮೆ ಬಿದ್ದಲ್ಲಿ ಬೇರೆಯವುಗಳಿಂದ ಸೇರಿಸಿದ್ದು. 1937ರಲ್ಲಿ ನಿಲ್ಲಿಸಿದರು, 2007ರಲ್ಲಿ ಬಿಚ್ಚಿ ಸರಿಪಡಿಸಿ ಮತ್ತೆ ನಿಲ್ಲಿಸಿದರು. ತಲೆಯೆತ್ತಿದ ಎತ್ತರ 13.27 ಮೀಟರ್. ಉದ್ದ ಕತ್ತಿನವುಗಳಲ್ಲಿ ಇಷ್ಟು ಚೆನ್ನಾಗಿ ಗೊತ್ತಿರುವ ದೈತ್ಯ ಪ್ರಾಣಿಗಳು ಕಡಿಮೆ. ಅಂದಮೇಲೆ ಇದರ ತೂಕವಾದರೂ ಗೊತ್ತಿರಬೇಕಲ್ವಾ?

1962ರಲ್ಲಿ ಅಮೆರಿಕದ ಎಡ್ವಿನ್ ಕೋಲ್ಬರ್ಟ್ ಇದನ್ನು ತೂಗಲು ಹೊರಟರು. ಅವರು ಮಾಡಿದ್ದು ಸರಳ. ಪ್ರಾಣಿಯ ಸಣ್ಣ ಮಾದರಿ ತೆಗೆದುಕೊಂಡು ಮರಳಿನ ಪೆಟ್ಟಿಗೆಯಲ್ಲಿ ಹುಗಿದು ಅದು ಎಷ್ಟು ಮರಳಿನ ಜಾಗ ತಿನ್ನುತ್ತದೆ ಅಂತ ಅಳೆದರು. ಅಲ್ಲಿಂದ ಗಾತ್ರ ಸಿಕ್ಕಿತು. ಅದನ್ನು ನಿಜವಾದ ಅಳತೆಗೆ ಏರಿಸಿ, ಮಾಂಸದ ಸಾಂದ್ರತೆಯಿಂದ ಗುಣಿಸಿದರೆ ತೂಕ. 78 ಟನ್ ಬಂತು. ಆಮೇಲೆ 1980ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಕ್‌ನೀಲ್ ಅಲೆಕ್ಸಾಂಡರ್ ಅನ್ನೋ ಪ್ರೊಫೆಸರು ಲಂಡನ್ ಮ್ಯೂಸಿಯಂನವರು ಮಾರುತ್ತಿದ್ದ ಪ್ಲಾಸ್ಟಿಕ್ ಬೊಂಬೆಯನ್ನೇ ನೀರಿನ ಲೆಕ್ಕದಲ್ಲಿ ಅಳೆದರು. ಸುಮಾರು 47 ಟನ್. 1995ರಲ್ಲಿ ಜರ್ಮನ್ ತಂಡವೊಂದು ಬರ್ಲಿನ್ನಿನ ಅಸ್ಥಿಪಂಜರವನ್ನೇ ಆಧುನಿಕ ಉಪಕರಣ ಇಟ್ಟು ಅಳೆದು 74 ಟನ್ ಅಂದಿತು. ಅಬ್ಬಾ, ಮತ್ತೆ ಮೇಲೆ ಹೋಯಿತು ಅಂದುಕೊಳ್ಳುವಷ್ಟರಲ್ಲಿ 2008ರಲ್ಲಿ ಅದೇ ತಂಡದ ಮುಂದಾಳು ವಿಜ್ಞಾನಿಯ ಹೊಸ ಲೆಕ್ಕ ಬಂತು, 38 ಟನ್. 2009ರಲ್ಲಿ ಮೈಕ್ ಟೇಲರ್ ಅನ್ನೋ ಬ್ರಿಟಿಷ್ ಸಂಶೋಧಕ ಲೆಕ್ಕ ಹಾಕಿ 23 ಟನ್ ಅಂದರು.

ಒಂದೇ ಅಸ್ಥಿಪಂಜರ. 78, 47, 74, 38, 23. ದೊಡ್ಡದು ಚಿಕ್ಕದರ ಮೂರು ಪಟ್ಟಿಗಿಂತ ಜಾಸ್ತಿ.

ಇದರಲ್ಲಿ ಯಾರೂ ಪೆದ್ದರಲ್ಲ. ಮೂಳೆಯ ಮೇಲೆ ಮಾಂಸ ಎಷ್ಟು ಮೆತ್ತಬೇಕು ಅನ್ನೋದೇ ದೊಡ್ಡ ಪ್ರಶ್ನೆ. ಹಳೆಯ ಕಾಲದ ಮಾದರಿಗಳಲ್ಲಿ ಹೊಟ್ಟೆ ಡುಮ್ಮಗೆ ಇರುತ್ತಿತ್ತು, ಕತ್ತು ದಪ್ಪ. ಈಗಿನವು ಸಪೂರ. ಜೊತೆಗೆ ಗಾಳಿಯ ವಿಷಯ ಇದೆ. ಈ ಪ್ರಾಣಿಗಳ ಕತ್ತು, ಬೆನ್ನಿನ ಮೂಳೆಗಳು ಒಳಗೆ ಟೊಳ್ಳು, ಹಕ್ಕಿಗಳ ಮೂಳೆಯ ಹಾಗೆ. ಹಕ್ಕಿಗಳಿಗೆ ಶ್ವಾಸಕೋಶದಿಂದ ಹೊರಟ ಗಾಳಿಚೀಲಗಳು ಮೈಯೊಳಗೆಲ್ಲ ಹರಡಿ ಮೂಳೆಯೊಳಗೂ ನುಗ್ಗಿರುತ್ತವಲ್ಲ, ಅದೇ ವ್ಯವಸ್ಥೆ ಇವುಗಳಿಗೂ ಇತ್ತು ಅನ್ನೋದಕ್ಕೆ ಮೂಳೆಯ ಮೇಲಿನ ಗುಳಿ, ತೂತುಗಳೇ ಸಾಕ್ಷಿ. ಚೀನಾದಲ್ಲಿ ಸಿಕ್ಕ ಮಾಮೆಂಚಿಸಾರಸ್ ಜಾತಿಯೊಂದರ ಕತ್ತಿನ ಮೂಳೆಯನ್ನು ಸ್ಕ್ಯಾನ್ ಮಾಡಿದಾಗ ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬರೀ ಗಾಳಿ ಇತ್ತು ಅಂತ ಗೊತ್ತಾಯಿತು. 2023ರಲ್ಲಿ ಬಂದ ಸುದ್ದಿ ಇದು. ಆ ಪ್ರಾಣಿಯ ಕತ್ತೇ 15 ಮೀಟರ್ ಇರಬೇಕು ಅಂತ ಲೆಕ್ಕ. ಗಟ್ಟಿ ಮೂಳೆ ಇದ್ದಿದ್ದರೆ ಅಂಥ ಕತ್ತನ್ನು ಎತ್ತಿ ಹಿಡಿಯೋದು ಹೇಗೆ? ಗಾಳಿಯನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ಎಲ್ಲ ಪ್ರಾಣಿಗಳ ತೂಕವೂ ಇಳಿಯಿತು. ಎಷ್ಟು ಗಾಳಿ, ಎಲ್ಲೆಲ್ಲಿ, ಅದರ ಮೇಲೆ ಇನ್ನೂ ಚರ್ಚೆ ನಡೆದೇ ಇದೆ.

ಇನ್ನೊಂದು ದಾರಿ ಇದೆ, ಕಾಲಿನ ಮೂಳೆಯ ಸುತ್ತಳತೆ. ಮುಂಗಾಲು, ಹಿಂಗಾಲಿನ ಮೇಲಿನ ಮೂಳೆ ಎಷ್ಟು ದಪ್ಪವೋ ಅದಕ್ಕೆ ತಕ್ಕ ಭಾರ ಹೊತ್ತಿರಬೇಕು ಅನ್ನೋ ತರ್ಕ. ಇಲಿಯಿಂದ ಆನೆವರೆಗೆ ಈಗ ಬದುಕಿರುವ ಪ್ರಾಣಿಗಳ ಮೂಳೆ ಅಳೆದು, ತೂಕ ಹಾಕಿ, ಒಂದು ಗೆರೆ ಎಳೆಯುತ್ತಾರೆ. ಆ ಗೆರೆಯನ್ನೇ ಮುಂದುವರಿಸಿ ಡೈನೋಸಾರ್ ಎಲ್ಲಿ ಬರುತ್ತದೆ ಅಂತ ನೋಡುತ್ತಾರೆ. ಗೆರೆ ಆನೆಯವರೆಗೆ ಗಟ್ಟಿ. ಆನೆ ಆರು ಟನ್ ಆಸುಪಾಸು. ಅಲ್ಲಿಂದ ಅರವತ್ತು ಟನ್‌ವರೆಗೆ ನಡುವೆ ಒಂದೇ ಒಂದು ಪ್ರಾಣಿಯೂ ಇಲ್ಲದೆ ಗೆರೆ ಎಳೆದುಕೊಂಡು ಹೋಗಬೇಕು. ಸ್ವಲ್ಪ ಕೋನ ತಪ್ಪಿದರೂ ಆ ತುದಿಯಲ್ಲಿ ಹತ್ತಾರು ಟನ್ ವ್ಯತ್ಯಾಸ.

ಡ್ರೆಡ್‌ನಾಟಸ್‌ಗೆ ಆದದ್ದೇ ಇದು. ದಕ್ಷಿಣ ಅರ್ಜೆಂಟೀನಾದ ಸಾಂತಾ ಕ್ರೂಸ್ ಪ್ರಾಂತ್ಯದಲ್ಲಿ ಸಿಕ್ಕ ಪ್ರಾಣಿ, 26 ಮೀಟರ್, ಇಂಥ ದೈತ್ಯಗಳಲ್ಲಿ ಅಪರೂಪ ಅನ್ನುವಷ್ಟು ಮೂಳೆ ಸಿಕ್ಕಿವೆ, ಅಸ್ಥಿಪಂಜರದ ಅರ್ಧಕ್ಕೆ ಸ್ವಲ್ಪ ಕಡಿಮೆ. 2014ರಲ್ಲಿ ಕಾಲಿನ ಮೂಳೆಯ ಲೆಕ್ಕದಿಂದ 59 ಟನ್ ಅಂತ ಬಂತು. ಇನ್ನೂ ಪೂರ್ತಿ ಬೆಳೆದಿರಲಿಲ್ಲವಂತೆ ಅನ್ನೋದೂ ಸೇರಿ ಊರೆಲ್ಲ ಸುದ್ದಿ. ಮಾರನೆಯ ವರ್ಷವೇ ಇಂಗ್ಲೆಂಡಿನ ಇನ್ನೊಂದು ತಂಡ ಅದೇ ಅಸ್ಥಿಪಂಜರವನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿ ಮಾಂಸ ತುಂಬಿ ನೋಡಿತು. 22ರಿಂದ 38 ಟನ್ ಒಳಗೆ ಬಂತು. 59 ಟನ್ ಬರಬೇಕಾದರೆ ಬದುಕಿರುವ ಯಾವ ಪ್ರಾಣಿಯಲ್ಲೂ ಕಾಣದಷ್ಟು ಮಾಂಸ ಮೆತ್ತಬೇಕಾಗುತ್ತದೆ ಅಂದರು. ಮೊದಲ ಸುದ್ದಿ ಮುಖಪುಟದಲ್ಲಿ ಬಂದ ಪತ್ರಿಕೆಗಳಲ್ಲಿ ಎಷ್ಟು ಎರಡನೆಯದನ್ನು ಹಾಕಿದವು? ಇಳಿದ ತೂಕ ಸುದ್ದಿಯೇ ಅಲ್ಲ ನೋಡಿ.

ನಮ್ಮ ಮಕ್ಕಳಿಗೆ ಇದನ್ನು ವಿವರಿಸೋದಕ್ಕೆ ನಾನು ಮೈಸೂರು ದಸರಾದ ಆನೆಗಳನ್ನು ಹಿಡಿದುಕೊಂಡೆ. ಪ್ರತಿ ವರ್ಷ ಕಾಡಿನಿಂದ ಬಂದ ಆನೆಗಳನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ನೋಡುತ್ತಾರಲ್ಲ, ನಿಮ್ಮ ಪತ್ರಿಕೆಯಲ್ಲೂ ಫೋಟೊ ಸಮೇತ ಬರುತ್ತೆ. ಅಂಬಾರಿ ಹೊರುವ ಗಂಡಾನೆ ಐದು ಟನ್ ದಾಟುತ್ತದೆ. ಮುದ್ದೆ, ಬೆಲ್ಲ, ಬೆಣ್ಣೆ ತಿಂದು ತಾಲೀಮು ಮಾಡಿ ದಸರಾ ಮುಗಿಯುವಷ್ಟರಲ್ಲಿ ಅದೇ ಆನೆ ನೂರಾರು ಕೆಜಿ ಏರಿರುತ್ತದೆ. ಎಲುಬು ಅದೇ, ತೂಕ ಬೇರೆ. ಕಣ್ಣೆದುರು ನಿಂತು ಸೊಂಡಿಲು ಆಡಿಸುವ ಪ್ರಾಣಿಗೇ ಒಂದು ಖಾಯಂ ಅಂಕಿ ಇಲ್ಲ. ಹತ್ತು ಕೋಟಿ ವರ್ಷದ ಹಿಂದಿನ ಪ್ರಾಣಿಗೆ 77 ಅಂತ ಬರೆದು ಮುಂದೆ ಹೋಗೋದು ಹೇಗೆ?

ಆ 77 ಪ್ಯಾಟಗೋಟೈಟನ್‌ದು. ಇದರ ವಿಷಯ ಮಾತ್ರ ಸ್ವಲ್ಪ ಸಮಾಧಾನದ್ದು. ಅರ್ಜೆಂಟೀನಾದ ಚುಬುತ್ ಪ್ರಾಂತ್ಯದ ಒಂದು ದೊಡ್ಡ ಫಾರ್ಮಿನಲ್ಲಿ ಸಿಕ್ಕಿದ್ದು. ಕಡಿಮೆ ಅಂದರೂ ಆರು ಪ್ರಾಣಿಗಳ ಮೂಳೆಗಳು, ನೂರಕ್ಕಿಂತ ಜಾಸ್ತಿ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತದೆ, ಹಾಗಾಗಿ ಒಟ್ಟು ಆಕಾರ ಸಾಕಷ್ಟು ಗೊತ್ತು. ತೊಡೆಮೂಳೆ 2.38 ಮೀಟರ್ ಉದ್ದ. 2014ರಲ್ಲಿ, ಇನ್ನೂ ಹೆಸರೇ ಇಡದಿದ್ದಾಗ, 40 ಮೀಟರ್, 77 ಟನ್ ಅಂತ ಸುದ್ದಿ ಹೋಯಿತು. 2017ರಲ್ಲಿ ಸರಿಯಾಗಿ ಅಧ್ಯಯನ ಮಾಡಿ ಪ್ರಕಟಿಸಿದಾಗ 37 ಮೀಟರ್, 69 ಟನ್. 2020ರ ಅಧ್ಯಯನದಲ್ಲಿ 57 ಟನ್. ನಾಲ್ಕು ದಸರಾ ಆನೆಯಷ್ಟು ತೂಕ ಆರು ವರ್ಷದಲ್ಲಿ ಕರಗಿಹೋಯಿತು! ಆದರೂ ಅರ್ಜೆಂಟಿನೋಸಾರಸ್‌ಗೆ ಹೋಲಿಸಿದರೆ ಇದರ ಮೇಲೆ ನನಗೆ ನಂಬಿಕೆ ಜಾಸ್ತಿ, ಯಾಕೆಂದರೆ ಇಲ್ಲಿ ಜಗಳ ಆಡೋದಕ್ಕೆ ಮೂಳೆಯಾದರೂ ಇದೆ. ನ್ಯೂಯಾರ್ಕಿನ ಮ್ಯೂಸಿಯಂನಲ್ಲಿ 2016ರಿಂದ ಇದರ ಎರಕದ ಪ್ರತಿ ನಿಲ್ಲಿಸಿದ್ದಾರೆ. 37 ಮೀಟರ್ ಪ್ರಾಣಿ ಕೋಣೆಯಲ್ಲಿ ಹಿಡಿಸದೆ ಕತ್ತು, ತಲೆ ಬಾಗಿಲಾಚೆ ಲಿಫ್ಟ್ ಕಡೆಗೆ ಚಾಚಿಕೊಂಡಿದೆ. ಅಮೆರಿಕದಲ್ಲಿರುವ ನಮ್ಮವರು ಮಕ್ಕಳನ್ನು ಕರೆದುಕೊಂಡು ಹೋಗಿ ಲಿಫ್ಟ್ ಹತ್ತಿರ ನಿಂತು ಫೋಟೊ ಕಳಿಸುತ್ತಿರುತ್ತಾರೆ, ನೋಡಿರಬಹುದು.

ಇಲ್ಲೊಂದು ಸಣ್ಣ ಗಣಿತ ಹೇಳಿಬಿಡುತ್ತೇನೆ, ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಮಕ್ಕಳು ನಂಬಲೇ ಇಲ್ಲ. ಪ್ರಾಣಿಯ ಆಕಾರ ಅದೇ ಇಟ್ಟು ಉದ್ದ ಮಾತ್ರ ನೂರಕ್ಕೆ ಹತ್ತು ಹೆಚ್ಚಿಸಿ. ಉದ್ದದ ಜೊತೆ ಅಗಲವೂ ಎತ್ತರವೂ ಅಷ್ಟೇ ಹೆಚ್ಚುತ್ತವೆ. 1.1 ಅನ್ನು ಮೂರು ಸಲ ಗುಣಿಸಿದರೆ 1.331. ಅಂದರೆ ತೂಕ ನೂರಕ್ಕೆ ಮೂವತ್ಮೂರು ಏರಿತು. ಉದ್ದ ನೂರಕ್ಕೆ ಇಪ್ಪತ್ತು ಜಾಸ್ತಿ ಮಾಡಿದರೆ ತೂಕ ನೂರಕ್ಕೆ ಎಪ್ಪತ್ಮೂರರ ಹತ್ತಿರ ಏರುತ್ತದೆ. 30 ಮೀಟರೋ 36 ಮೀಟರೋ ಅನ್ನೋ ಅನುಮಾನ ಚಿತ್ರದಲ್ಲಿ ಬಾಲ ಸ್ವಲ್ಪ ಎಳೆದ ಹಾಗೆ ಕಾಣುತ್ತದೆ ಅಷ್ಟೇ. ತೂಕದಲ್ಲಿ ಅದು 50 ಟನ್ನೋ 86 ಟನ್ನೋ ಅನ್ನೋ ಅನುಮಾನ.

ಸೈಸ್ಮೋಸಾರಸ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದ್ದು, 1991ರಲ್ಲಿ ಹೆಸರಿಟ್ಟಾಗ 39ರಿಂದ 52 ಮೀಟರ್ ಅಂದಿದ್ದರು. ಬಾಲದ ಕೆಲವು ಮೂಳೆಗಳನ್ನು ಇರಬೇಕಾದ ಜಾಗಕ್ಕಿಂತ ಹಿಂದಕ್ಕೆ ಇಟ್ಟು ಲೆಕ್ಕ ಹಾಕಿದ್ದರಿಂದ ಬಾಲ ಸಿಕ್ಕಾಪಟ್ಟೆ ಉದ್ದವಾಗಿತ್ತು. ಸರಿಯಾದ ಜಾಗಕ್ಕೆ ತಂದ ಮೇಲೆ 30 ಮೀಟರ್ ಚಿಲ್ಲರೆಗೆ ಇಳಿಯಿತು. ಆ ಹೆಸರೂ ಈಗ ಇಲ್ಲ, ಅದು ಡಿಪ್ಲೊಡೋಕಸ್‌ನ ಒಂದು ಜಾತಿ ಅಂತ ತೀರ್ಮಾನ ಆಗಿದೆ. ನಿಮ್ಮ ಚಿತ್ರದಿಂದ ಇದನ್ನು ಮುಲಾಜಿಲ್ಲದೆ ತೆಗೆಯಬಹುದು.

ಈಗ ಕಳೆದುಹೋದ ಮೂಳೆಗಳ ವಿಷಯ. ಇಲ್ಲಿ ನೀವು ತುಂಬ ಹುಷಾರಾಗಿರಬೇಕಿತ್ತು.

1870ರ ದಶಕದ ಕೊನೆಯಲ್ಲಿ ಅಮೆರಿಕದ ಕೊಲೊರಾಡೋದಲ್ಲಿ ಎಡ್ವರ್ಡ್ ಕೋಪ್ ಅನ್ನೋ ವಿಜ್ಞಾನಿಗಾಗಿ ಮೂಳೆ ಹುಡುಕುತ್ತಿದ್ದವರಿಗೆ ಬೆನ್ನಿನ ಒಂದು ಮೂಳೆಯ ಮೇಲ್ಭಾಗ ಸಿಕ್ಕಿತು. ತುಂಡೇ 1.5 ಮೀಟರ್, ಪೂರ್ತಿ ಇದ್ದಿದ್ದರೆ 2.7 ಮೀಟರ್ ಆಗುತ್ತಿತ್ತು ಅಂತ ಅಂದಾಜು. ಕೋಪ್ 1878ರಲ್ಲಿ ಬರೆದರು, ಒಂದು ಚಿತ್ರ ಬರೆಸಿದರು. ಆಮೇಲೆ ಮೂಳೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಪುಡಿಪುಡಿಯಾಗುವ ಜಾತಿಯ ಮೂಳೆ, ಬಹುಶಃ ಉದುರಿಹೋಗಿರಬೇಕು ಅನ್ನುತ್ತಾರೆ. ಆ ಒಂದು ಚಿತ್ರ, ಒಂದು ಅಳತೆ ಇಟ್ಟುಕೊಂಡು 2006ರಲ್ಲಿ ಕೆನೆತ್ ಕಾರ್ಪೆಂಟರ್ ಅನ್ನುವವರು 58 ಮೀಟರ್, 122 ಟನ್ ಅಂತ ಲೆಕ್ಕ ಕೊಟ್ಟರು. ಅದೇ ಕಾರ್ಪೆಂಟರ್ 2018ರಲ್ಲಿ, ಅದು ನಾವು ಅಂದುಕೊಂಡ ಗುಂಪಿನ ಪ್ರಾಣಿಯೇ ಅಲ್ಲ, ಬೆನ್ನುಮೂಳೆಗಳೇ ವಿಪರೀತ ಎತ್ತರವಾಗಿರುವ ಬೇರೊಂದು ಗುಂಪಿನದ್ದು ಅಂತ ತೋರಿಸಿ, ಮಾರಾಪುನಿಸಾರಸ್ ಅಂತ ಹೊಸ ಹೆಸರಿಟ್ಟು, 30ರಿಂದ 32 ಮೀಟರಿಗೆ ಇಳಿಸಿದರು. ನಡುವೆ 2014ರಲ್ಲಿ ಇನ್ನಿಬ್ಬರು, ಕೋಪ್ ಬರೆದ ಅಳತೆಯಲ್ಲೇ ಅಂಕಿ ಅದಲುಬದಲಾಗಿ ಅಚ್ಚಾಗಿರಬಹುದು ಅಂತಲೂ ವಾದಿಸಿದ್ದರು. 140 ವರ್ಷದ ಹಿಂದಿನ ಅಚ್ಚುತಪ್ಪಿನ ಮೇಲೆ ಜಗತ್ತಿನ ಅತಿ ದೊಡ್ಡ ಪ್ರಾಣಿ ನಿಂತಿತ್ತೇನೋ! ಪತ್ರಿಕೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ ಅಂದುಕೊಂಡಿದ್ದೇನೆ.

ಇನ್ನು ನಮ್ಮ ಪಕ್ಕದ ಮನೆಯ ಬೃಹತ್ಕಾಯೋಸಾರಸ್. ಇದನ್ನು ಚಿತ್ರದಲ್ಲಿ ಸೇರಿಸಿದ್ದು ನನಗೆ ಖುಷಿಯೇ. ತಮಿಳುನಾಡಿನ ಅರಿಯಲೂರು ಕಡೆಯ ಕಲ್ಲಮೇಡು, ಬೆಂಗಳೂರಿನಿಂದ ಒಂದು ರಾತ್ರಿಯ ದಾರಿ. ಅಲ್ಲಿ ಡೈನೋಸಾರ್ ಯುಗದ ಕೊನೆಯ ಕಾಲದ ಮಣ್ಣಿನಲ್ಲಿ ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದ ಪಿ. ಯಾದಗಿರಿ ಮತ್ತು ಕೆ. ಅಯ್ಯಸಾಮಿ ಸೊಂಟದ ಮೂಳೆಗಳು, ತೊಡೆಮೂಳೆಯ ಭಾಗ, ಮೊಣಕಾಲ ಕೆಳಗಿನ ಮೂಳೆ, ಬಾಲದ ಒಂದು ಮೂಳೆ ಇಂಥವನ್ನು ಕಂಡರು. 1980ರ ದಶಕದ ಕೊನೆಯಲ್ಲಿ ಪ್ರಕಟಿಸಿದಾಗ ಅವರು ಇದನ್ನು ಮಾಂಸ ತಿನ್ನುವ ಡೈನೋಸಾರ್ ಅಂತ ತಿಳಿದಿದ್ದರು. ಉದ್ದ ಕತ್ತಿನ ಸಸ್ಯಾಹಾರಿ ಅನ್ನೋದು ಆಮೇಲೆ ಒಪ್ಪಿಗೆಯಾದದ್ದು. ಮೊಣಕಾಲ ಕೆಳಗಿನ ಆ ಮೂಳೆ ಒಂದೇ 2 ಮೀಟರ್ ಉದ್ದ ಅಂತ ಬರೆದಿದ್ದಾರೆ. ಅರ್ಜೆಂಟಿನೋಸಾರಸ್‌ನಲ್ಲಿ ಅದರ ಪಕ್ಕದ ಮೂಳೆ ಒಂದೂವರೆ ಮೀಟರ್ ಚಿಲ್ಲರೆ. ಲೆಕ್ಕ ಹಾಕಿದರೆ ತಲೆ ತಿರುಗುತ್ತೆ ಅಲ್ವಾ?

ಆದರೆ ಆ ಮೂಳೆಗಳು ಈಗ ಇಲ್ಲ. ಮೆತ್ತನೆಯ ಮಣ್ಣಿನಲ್ಲಿ ಹುದುಗಿದ್ದವು, ಬಿರುಕು ಬಿಟ್ಟಿದ್ದವು, ಮಳೆಗೆ ಸಿಕ್ಕಿ ಉದುರಿಹೋದವು. ಉಳಿದದ್ದು ಕೆಲವು ಗೆರೆಚಿತ್ರ, ವಿವರಣೆ. ಎಷ್ಟೋ ವರ್ಷ ವಿದೇಶದ ವಿಜ್ಞಾನಿಗಳಲ್ಲಿ ಕೆಲವರು, ಅದು ಮೂಳೆಯೇ ಅಲ್ಲ, ಕಲ್ಲಾದ ಮರ ಇರಬೇಕು ಅಂತ ತಳ್ಳಿಹಾಕಿದ್ದೂ ಉಂಟು. 2022ರಲ್ಲಿ ಅಯ್ಯಸಾಮಿಯವರೇ ಸೇರಿಕೊಂಡು, ಅಗೆಯುವಾಗ ತೆಗೆದ ಹಳೆಯ ಫೋಟೊಗಳನ್ನು ಪ್ರಕಟಿಸಿದ ಮೇಲೆ, ಮೂಳೆ ಹೌದು ಅನ್ನೋ ಕಡೆಗೆ ತಕ್ಕಡಿ ವಾಲಿತು. 2023ರಲ್ಲಿ ಗ್ರೆಗರಿ ಪಾಲ್ ಮತ್ತು ಅಸಿಯರ್ ಲಾರಾಮೆಂಡಿ ಇದಕ್ಕೆ 110ರಿಂದ 170 ಟನ್ ಅಂತ ಲೆಕ್ಕ ಕೊಟ್ಟರು. ನೀವು 110 ಬಿಟ್ಟು 170 ಹಾಕಿದಿರಿ. ನಮ್ಮ ದೇಶದ್ದು ಅನ್ನೋ ಅಭಿಮಾನ ನನಗೂ ಇದೆ, ಆದರೆ ಫೋಟೊದಲ್ಲಿ ಮಾತ್ರ ಉಳಿದಿರುವ ಮೂಳೆಯಿಂದ ತೆಗೆದ ಅಂಕಿಯನ್ನು ಮ್ಯೂಸಿಯಂನಲ್ಲಿ ಕೈಯಿಟ್ಟು ಅಳೆಯಬಹುದಾದ ಮೂಳೆಯ ಅಂಕಿಯ ಪಕ್ಕ ಒಂದೇ ಅಕ್ಷರದ ಗಾತ್ರದಲ್ಲಿ ಹಾಕೋದು ನನಗೆ ಸರಿಕಾಣಲಿಲ್ಲ. ಅದಕ್ಕಿಂತ, ಇಷ್ಟು ದೊಡ್ಡ ಪ್ರಾಣಿಯ ಮೂಳೆ ನಮ್ಮ ಕೈಯಲ್ಲಿ ಉಳಿಯಲಿಲ್ಲವಲ್ಲ, ಯಾಕೆ, ಈಗಾದರೂ ಅಲ್ಲಿ ಮತ್ತೆ ಅಗೆಯುತ್ತಾರಾ ಅಂತ ನಿಮ್ಮ ವರದಿಗಾರರು ಹೋಗಿ ಕೇಳಿಕೊಂಡು ಬಂದರೆ ಅದು ಸುದ್ದಿ.

ದೊಡ್ಡದು ಅಂದರೆ ಏನು ಅನ್ನೋದೂ ನಿಮ್ಮ ಚಿತ್ರದಲ್ಲಿ ಕಲಸುಮೇಲೋಗರ ಆಗಿದೆ. ಉದ್ದಕ್ಕೆ ಬಹುಮಾನ ಕೊಡೋದಾದರೆ ಅಮೆರಿಕದ ಸೂಪರ್‌ಸಾರಸ್ ಮುಂದೆ ಬರುತ್ತದೆ. ಚಾಟಿಯಂಥ ಬಾಲ, ಸಪೂರ ಮೈ, 33 ಮೀಟರ್ ದಾಟಬಹುದು, ಆದರೆ ತೂಕದಲ್ಲಿ ಪ್ಯಾಟಗೋಟೈಟನ್ ಮುಂದೆ ನಿಲ್ಲೋದಿಲ್ಲ. ಎತ್ತರಕ್ಕಾದರೆ ಜಿರಾಫಟೈಟನ್ ಥರದವು, ಅವುಗಳ ಮುಂಗಾಲೇ ಹಿಂಗಾಲಿಗಿಂತ ಉದ್ದ. ಕತ್ತಿಗೆ ಮಾಮೆಂಚಿಸಾರಸ್. ತೂಕಕ್ಕೆ ಅರ್ಜೆಂಟೀನಾದವು. ಮತ್ತೆ ನೀಲಿ ತಿಮಿಂಗಿಲ ಅಂತ ಒಂದಿದೆ, ಈಗಲೂ ಸಮುದ್ರದಲ್ಲಿ ಬದುಕಿದೆ, 30 ಮೀಟರ್ ಉದ್ದ, 150 ಟನ್ ದಾಟುತ್ತದೆ, ಅದನ್ನು ಮೂಲೆಯಲ್ಲಾದರೂ ಹಾಕಬೇಕಿತ್ತು. ನೀರು ಹೊರುತ್ತದೆ, ಕಾಲು ಹೊರಬೇಕಾಗಿಲ್ಲ, ಅದಕ್ಕೇ ಅಷ್ಟು ಬೆಳೆಯೋಕೆ ಆಯಿತು ಅಂದರೆ ಮಕ್ಕಳಿಗೆ ತಕ್ಷಣ ಹೊಳೆಯುತ್ತೆ.

ವಿಜ್ಞಾನಿಗಳೇ ಎಷ್ಟು ಸಂಯಮ ತೋರಿಸುತ್ತಾರೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2021ರಲ್ಲಿ ನ್ಯೂಕೆನ್ ಪ್ರಾಂತ್ಯದಿಂದಲೇ ಇನ್ನೊಂದು ದೈತ್ಯದ ವರದಿ ಬಂತು. ಬಾಲದ 24 ಮೂಳೆ, ಸೊಂಟದ ಭಾಗಗಳು. ಹೋಲಿಸಿ ನೋಡಿದರೆ ಪ್ಯಾಟಗೋಟೈಟನ್‌ಗಿಂತ ದೊಡ್ಡದಿರಬಹುದು. ಆದರೆ ಆ ತಂಡ ಅದಕ್ಕೆ ಹೆಸರೇ ಇಡಲಿಲ್ಲ, ತೂಕವನ್ನೂ ಹೇಳಲಿಲ್ಲ. ತೂಕ ಲೆಕ್ಕ ಹಾಕೋದಕ್ಕೆ ಬೇಕಾದ ಕಾಲಿನ ಮೂಳೆ ಇನ್ನೂ ಕೈಗೆ ಬಂದಿಲ್ಲ, ಬರಲಿ, ಆಮೇಲೆ ನೋಡೋಣ ಅಂದರು. ಮಾರನೆಯ ದಿನದ ಸುದ್ದಿಗಳ ತಲೆಬರಹ ಮಾತ್ರ 'ಭೂಮಿಯ ಮೇಲೆ ನಡೆದ ಅತಿ ದೊಡ್ಡ ಪ್ರಾಣಿ ಪತ್ತೆ' ಅನ್ನುವ ಧಾಟಿಯಲ್ಲೇ ಇತ್ತು.

ಇಷ್ಟೆಲ್ಲ ದೂರದ ದೈತ್ಯಗಳನ್ನು ಹಾಕಿದ ಚಿತ್ರದಲ್ಲಿ ನಮ್ಮ ಮಕ್ಕಳು ಹೋಗಿ ನೋಡಬಹುದಾದ ಒಂದೂ ಇರಲಿಲ್ಲ ಅನ್ನೋದು ಇನ್ನೊಂದು ಬೇಜಾರು. ಹೈದರಾಬಾದಿನ ಬಿ.ಎಂ. ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಕೋಟಾಸಾರಸ್ ನಿಂತಿದೆ. ತೆಲಂಗಾಣದ ಯಾಮನಪಲ್ಲಿ ಹತ್ತಿರ ಸಿಕ್ಕಿದ್ದು, ಅದೇ ಯಾದಗಿರಿಯವರು 1988ರಲ್ಲಿ ವಿವರಿಸಿದ್ದು. ಸುಮಾರು 9 ಮೀಟರ್ ಅಷ್ಟೇ. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಬರಾಪಾಸಾರಸ್ ಇದೆ. ಗೋದಾವರಿ ಕಣಿವೆಯಲ್ಲಿ ಕಡಿಮೆ ಅಂದರೂ ಆರು ಪ್ರಾಣಿಗಳ ಸುಮಾರು 300 ಮೂಳೆ ತೆಗೆದು ಜೋಡಿಸಿದ್ದು, ಸುಮಾರು 14 ಮೀಟರ್. ಅಗೆಯಲು ಶುರುಮಾಡಿದಾಗ ರವೀಂದ್ರನಾಥ ಟಾಗೋರರ ನೂರನೇ ವರ್ಷ, ಅದಕ್ಕೆ ಜಾತಿಯ ಹೆಸರಿನಲ್ಲಿ ಅವರ ಹೆಸರೂ ಸೇರಿದೆ. ಇವೆರಡೂ ಜುರಾಸಿಕ್ ಯುಗದ ಮೊದಲ ಭಾಗದವು. ಅಂದರೆ ಅರ್ಜೆಂಟೀನಾದ ದೈತ್ಯಗಳು ಹುಟ್ಟುವುದಕ್ಕೆ ಏಳೆಂಟು ಕೋಟಿ ವರ್ಷ ಮೊದಲೇ ನಾಲ್ಕು ಕಾಲೂರಿ ದೊಡ್ಡದಾಗಲು ಹೊರಟಿದ್ದ ಪ್ರಾಣಿಗಳು. ಎಷ್ಟು ದೊಡ್ಡದಾಯಿತು ಅಂತ ಹೇಳುವಾಗ ಎಲ್ಲಿಂದ ಶುರುವಾಯಿತು ಅಂತಲೂ ತೋರಿಸಬೇಕಲ್ವಾ? ಹೈದರಾಬಾದ್ ಪ್ರವಾಸಕ್ಕೆ ಹೋಗುವ ಶಾಲೆಗಳು ಚಾರ್‌ಮಿನಾರ್, ಗೋಲ್ಕೊಂಡ ಮುಗಿಸಿ ವಾಪಸ್ ಬರುತ್ತವೆ. ಅಲ್ಲೊಂದು ನಿಜವಾದ ಉದ್ದ ಕತ್ತಿನ ಡೈನೋಸಾರ್ ಇದೆ ಅಂತ ಎಷ್ಟೋ ಮೇಷ್ಟ್ರುಗಳಿಗೇ ಗೊತ್ತಿಲ್ಲ.

ನಮ್ಮ ಕರ್ನಾಟಕದಲ್ಲಿ ಯಾಕಿಲ್ಲ ಸಾರ್ ಅಂತ ಹುಡುಗರು ಕೇಳೇ ಕೇಳುತ್ತಾರೆ. ನಮ್ಮ ನೆಲದ ಬಹುಪಾಲು ಕಲ್ಲು ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯದು, ಲಾಲ್‌ಬಾಗಿನ ಬಂಡೆಗೇ ಸುಮಾರು 300 ಕೋಟಿ ವರ್ಷ. ಆಗ ಮೂಳೆ ಇರುವ ಪ್ರಾಣಿಯೇ ಇರಲಿಲ್ಲ. ಇದನ್ನೂ ಎರಡು ಸಾಲಿನಲ್ಲಿ ಹಾಕಬಹುದಿತ್ತು.

ಸುಮ್ನೆ ತಪ್ಪು ಹುಡುಕೋದು ನನ್ನ ಉದ್ದೇಶ ಅಲ್ಲ, ಆ ಚಿತ್ರವನ್ನು ಇನ್ನೊಮ್ಮೆ ಹಾಕಿ ಅನ್ನೋದಕ್ಕೇ ಇಷ್ಟು ಬರೆದೆ. ಹೊಸದಾಗಿ ಬರೆಸುವಾಗ ಸಿಕ್ಕಿರುವ ಮೂಳೆಗಳಿಗೆ ಮಾತ್ರ ಕಪ್ಪು ಬಣ್ಣ ಹಾಕಿಸಿ, ಉಳಿದ ಮೈಯನ್ನು ಬರೀ ಗೆರೆಯಲ್ಲಿ ಬಿಡಿ. ಅರ್ಜೆಂಟಿನೋಸಾರಸ್‌ನ ಬೆನ್ನಲ್ಲಿ ನಾಲ್ಕಾರು ಕಪ್ಪು ಚುಕ್ಕೆ ಇರುತ್ತದೆ, ಪ್ಯಾಟಗೋಟೈಟನ್ ಮೈಯಲ್ಲಿ ಕಪ್ಪು ಜಾಸ್ತಿ ಇರುತ್ತದೆ, ಬೃಹತ್ಕಾಯೋಸಾರಸ್‌ಗೆ ಬೇರೆ ಬಣ್ಣ ಕೊಟ್ಟು 'ಮೂಳೆ ಉಳಿದಿಲ್ಲ, ಫೋಟೊ ಮಾತ್ರ' ಅಂತ ಬರೆಯಿರಿ. ತೂಕವನ್ನು ಇಷ್ಟರಿಂದ ಇಷ್ಟು ಅಂತ ಎರಡು ಅಂಕಿಯಲ್ಲಿ ಕೊಡಿ, ಯಾವ ವರ್ಷದ ಲೆಕ್ಕ ಅಂತಲೂ ಪಕ್ಕದಲ್ಲಿ ಹಾಕಿ. ಜಾಗ ಸಾಲದಿದ್ದರೆ ಸೈಸ್ಮೋಸಾರಸ್ ತೆಗೆದ ಜಾಗ ಖಾಲಿ ಇದೆ, ಅಲ್ಲಿ ಕೋಟಾಸಾರಸ್ ಆರಾಮಾಗಿ ಹಿಡಿಸುತ್ತದೆ. ನಮ್ಮ ಮಕ್ಕಳು ಗೋಡೆಯ ಮೇಲಿನ ಹಳೆಯ ಚಿತ್ರದಲ್ಲಿ ಪೆನ್ಸಿಲಿನಿಂದ ಅಂಕಿಗಳನ್ನು ತಿದ್ದಲು ಶುರುಮಾಡಿದ್ದಾರೆ. ಹೊಸದು ಬೇಗ ಬಂದರೆ ಒಳ್ಳೆಯದು, ಅವರು ಈಗಾಗಲೇ ಆ ಪಕ್ಕದ ಮನುಷ್ಯನ ಎತ್ತರದ ಮೇಲೂ ಅನುಮಾನ ಪಡುತ್ತಿದ್ದಾರೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಹೈಸ್ಕೂಲ್ ವಿಜ್ಞಾನ ಶಿಕ್ಷಕ
ದಾವಣಗೆರೆ